ಇನ್ನೊಂಚೂರು ಹಾಲು ಹಾಕಿದ ಫೋಟೋ

ತಮ್ಮನ ಮಗಳು ಫೋನಿನಲ್ಲಿ ನನ್ನ ಫೋಟೋ ತೆಗೆದಳು. ತೆಗೆದದ್ದನ್ನು ನನಗೆ ತೋರಿಸುವ ಮೊದಲೇ ತಿದ್ದಲು ಕೂತಳು. ಪರದೆಯ ಕೆಳಗೆ ಒಂದು ಗೆರೆ, ಗೆರೆಯ ಮೇಲೊಂದು ಚುಕ್ಕೆ. ಚುಕ್ಕೆಯನ್ನು ಬೆರಳಿನಿಂದ ಬಲಕ್ಕೆ ತಳ್ಳಿದರೆ ನನಗೆ ಬೆಳಗಾಗುತ್ತದೆ, ಎಡಕ್ಕೆ ತಳ್ಳಿದರೆ ಸಂಜೆಯಾಗುತ್ತದೆ. ಇನ್ನೊಂದು ಗೆರೆಯಲ್ಲಿ ಅರಿಸಿನದಿಂದ ನೀಲಿಯವರೆಗೆ ಎಲ್ಲಿ ಬೇಕಾದರೂ ನನ್ನನ್ನು ನಿಲ್ಲಿಸಬಹುದು.

"ಅತ್ತೆ, ಥೋಡಾ ಬ್ರೈಟ್ ಮಾಡ್ಲಾ?" ಎಂದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಅರ್ಧ ದಾರಿಯಲ್ಲಿ ಇಳಿದು ಬೇರೆ ಗಾಡಿ ಹತ್ತುತ್ತದೆ.

"ಬೇಡ."

"ಸ್ವಲ್ಪಾನೇ ಅತ್ತೆ. ಕಿಸೀಕೋ ಪತಾ ನಹೀ ಚಲೇಗಾ."

ಯಾರಿಗೂ ಗೊತ್ತಾಗುವುದಿಲ್ಲವಂತೆ. ಈ ಮಾತು ಕೇಳಿದ ಕೂಡಲೇ ಚುಕ್ಕೆಯ ಮೇಲಿದ್ದ ಅವಳ ಬೆರಳನ್ನು ಹಿಡಿದುಕೊಂಡೆ. ನೀವು ನಗಬಹುದು. ಫೋಟೋ ಬೆಳ್ಳಗಾದರೆ ಯಾರಾದರೂ ಹೆದರುತ್ತಾರೆಯೇ? ನಾನು ಹೆದರುತ್ತೇನೆ. ಗುರುತಿನ ಚೀಟಿಗೆ ಫೋಟೋ ತೆಗೆಸುವಾಗಲೂ, "ಇದು ನಾನೇ ಅಂತ ಒಪ್ತಾರಾ?" ಎಂದು ಕೇಳಿ ಅಂಗಡಿಯವನನ್ನು ಗಾಬರಿಪಡಿಸಿದ್ದೇನೆ.

ಇದರ ಬೇರು ಎಂಬತ್ತರ ದಶಕದ ಕೊನೆಯ ಭಾಗದಲ್ಲಿದೆ. ಹೇಳುತ್ತೇನೆ, ಆದರೆ ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ಹೇಳಿ ಹೇಳಿ ಸೇರಿಕೊಂಡದ್ದು ಎಂದು ನನ್ನನ್ನು ಕೇಳಬೇಡಿ. ನಾನು ಆಗಲೂ ದಿನಚರಿ ಬರೆಯುತ್ತಿದ್ದೆ. ಆದರೆ ಆ ದಿನಚರಿಯಿಂದ ಏನೂ ಉಪಯೋಗವಿಲ್ಲ. ಸಾಂಬಾರು ಹುಳಿಯಾದ ದಿನ ಎರಡು ಪುಟ ಬರೆದಿದ್ದೇನೆ, ಮುಖ್ಯವಾದ ದಿನಗಳಲ್ಲೆಲ್ಲ "ಮಳೆ. ಗಾಡಿ ತಡ." ಎಂದಷ್ಟೇ ಇದೆ. ಎಂ.ಎ. ಮಾಡಿದವಳ ದಿನಚರಿ!

ನಾವು ಮೈಸೂರಿನ ಕಡೆಯವರು, ಅಪ್ಪನನ್ನು ಅಣ್ಣ ಎಂದು ಕರೆಯುವ ಮನೆಯವರು. ಅಣ್ಣನ ಆಫೀಸು ಮುಂಬಯಿಯ ಫೋರ್ಟಿನಲ್ಲಿ, ಮನೆ ವಿಮಾನ ನಿಲ್ದಾಣದ ಹತ್ತಿರ, ಸಾಂತಾಕ್ರೂಜ್ ಪೂರ್ವದ ಒಂದು ಹೌಸಿಂಗ್ ಸೊಸೈಟಿಯಲ್ಲಿ. ವಿಮಾನಗಳು ಎಷ್ಟು ತಗ್ಗಿನಲ್ಲಿ ಹೋಗುತ್ತಿದ್ದವೆಂದರೆ ಟೆರೇಸಿನಲ್ಲಿ ಒಣಹಾಕಿದ ಸಂಡಿಗೆಯ ಮೇಲೆ ಅವುಗಳ ನೆರಳು ಹಾದುಹೋಗುತ್ತಿತ್ತು. ಮಾತಿನ ನಡುವೆ ವಿಮಾನ ಬಂದರೆ ನಾವೆಲ್ಲ ಬಾಯಿ ತೆರೆದುಕೊಂಡೇ ನಿಲ್ಲುತ್ತಿದ್ದೆವು, ಅದು ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದೆವು. ಊರಿನಿಂದ ಬಂದ ನೆಂಟರಿಗೆ ನಮಗೆಲ್ಲ ಏನೋ ಕಾಯಿಲೆ ಇರಬೇಕು ಎನ್ನಿಸುತ್ತಿತ್ತು.

ಬಣ್ಣದ ವಿಷಯದಲ್ಲಿ ನಮ್ಮವರ ಮಾತು ಬಹಳ ನಾಜೂಕು. ಬೆಳ್ಳಗಿರುವ ಹುಡುಗಿಯನ್ನು "ಕೆಂಪಗಿದ್ದಾಳೆ" ಎನ್ನುತ್ತಾರೆ. ಒಂದು ಮೆಟ್ಟಿಲು ಇಳಿದರೆ ಗೋಧಿ ಬಣ್ಣ. ಇನ್ನೊಂದು ಇಳಿದರೆ ಎಣ್ಣೆಗೆಂಪು. ಅದಕ್ಕೂ ಕೆಳಗೆ ಬಣ್ಣದ ಸುದ್ದಿಯೇ ಇರುವುದಿಲ್ಲ, "ಲಕ್ಷಣವಾಗಿದ್ದಾಳೆ" ಎಂದುಬಿಡುತ್ತಾರೆ. ನಾನು ಹುಟ್ಟಿದಾಗಿನಿಂದ ಲಕ್ಷಣವಾಗಿದ್ದೇನೆ.

ಚಿಕ್ಕವಳಿದ್ದಾಗ ಶಾಲೆಯ ಗ್ರೂಪ್ ಫೋಟೋ ದಿನ ಅಮ್ಮ ನನಗೆ ಕೈತುಂಬ ಪೌಡರು ಬಳಿದು ಕಳಿಸಿದ್ದಳು. ಫೋಟೋ ಬಂದಾಗ ನೋಡಿದರೆ ಕುತ್ತಿಗೆಯಿಂದ ಮೇಲೆ ಒಬ್ಬಳು, ಕುತ್ತಿಗೆಯಿಂದ ಕೆಳಗೆ ಇನ್ನೊಬ್ಬಳು. ಅಣ್ಣ ಕನ್ನಡಕ ಏರಿಸಿ ನೋಡಿ, "ಇವಳು ಹಿಟ್ಟಿನ ಡಬ್ಬಿಗೆ ಯಾವಾಗ ಬಿದ್ದಳು?" ಎಂದು ಕೇಳಿದರು. ಅಮ್ಮ ಅವರ ಜೊತೆ ಆ ದಿನವೆಲ್ಲ ಮಾತಾಡಲಿಲ್ಲ. ಅಥವಾ ಇದು ನನ್ನ ಚಿಕ್ಕಮ್ಮನ ಮಗಳ ಕಥೆಯೋ? ಇಬ್ಬರೂ ಲಕ್ಷಣವಾಗಿದ್ದವರೇ. ಆ ಫೋಟೋ ಈಗ ಯಾರ ಹತ್ತಿರವೂ ಇಲ್ಲ, ಪರೀಕ್ಷಿಸುವ ಹಾಗಿಲ್ಲ.

ಇರಲಿ. ನಾನು ಓದು ಮುಗಿಸಿ ದಾದರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಇಪ್ಪತ್ತಾರು ದಾಟಿತ್ತು. ಮನೆಯಲ್ಲಿ ಗಂಡು ಹುಡುಕುತ್ತಿದ್ದರು. ಬೆಂಗಳೂರಿನಲ್ಲಿದ್ದ ನನ್ನ ಸೋದರತ್ತೆ, ಅಂದರೆ ಅಣ್ಣನ ಅಕ್ಕ, ಈ ಕೆಲಸವನ್ನು ವಹಿಸಿಕೊಂಡಿದ್ದರು. ಜಾತಕ ಕೂಡಿಬರುತ್ತಿತ್ತು, ಫೋಟೋ ವಾಪಸು ಬರುತ್ತಿತ್ತು. "ಹುಡುಗನಿಗೆ ಇನ್ನೊಂದು ವರ್ಷ ಮದುವೆ ಬೇಡವಂತೆ" ಎಂದು ಅತ್ತೆ ತಿಳಿಸುತ್ತಿದ್ದರು. ಎರಡು ತಿಂಗಳಿಗೆ ಅದೇ ಹುಡುಗನ ಲಗ್ನಪತ್ರಿಕೆ ನಮ್ಮ ಮನೆಗೇ ಬರುತ್ತಿತ್ತು. ಅಮ್ಮ ಅದರ ಮೇಲಿನ ಅರಿಸಿನ ಕುಂಕುಮ ನೋಡುತ್ತ, "ವರ್ಷ ಬೇಗ ಕಳೀತು" ಎನ್ನುತ್ತಿದ್ದಳು. ಹೀಗೆ ಮೂರನೆಯ ಸಲ ಆದ ಮೇಲೆ ಮನೆಯಲ್ಲಿ ಯಾರೂ ನನ್ನ ಎದುರಿಗೆ ಫೋಟೋ ಎಂಬ ಪದ ಬಳಸುತ್ತಿರಲಿಲ್ಲ. ಬಳಸದೆ ಇರುವುದು ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ನನ್ನ ತಮ್ಮ ಮುರಳಿಗೆ ಆ ಸಮಯದಲ್ಲೇ ಒಂದು ಕ್ಯಾಮೆರಾ ಕೈಗೆ ಬಂತು. ಗೆಳೆಯನ ಅಣ್ಣ ದುಬೈಯಿಂದ ತಂದದ್ದು, ಎಲ್ಲ ಆಟೋಮ್ಯಾಟಿಕ್.

"ಸ್ಟುಡಿಯೋದಲ್ಲಿ ತೆಗೆಸಿದ್ರೆ ಅಕ್ಕ ಪೊಲೀಸ್ ಸ್ಟೇಷನ್ನಿಗೆ ಕೊಟ್ಟ ಫೋಟೋ ಥರ ಕಾಣ್ತಾಳೆ. ನಾನು ತೆಗೀತೀನಿ. ಏಕದಮ್ ನ್ಯಾಚುರಲ್" ಎಂದ.

"ನ್ಯಾಚುರಲ್ ಬೇಡಪ್ಪ, ಚೆನ್ನಾಗಿರೋದು ತೆಗಿ" ಎಂದಳು ಅಮ್ಮ.

ಒಂದು ಭಾನುವಾರ ಬೆಳಿಗ್ಗೆ ಟೆರೇಸಿಗೆ ಹೋದೆವು. ನನಗೆ ಬಾಳೆಯ ಎಳೆ ಸುಳಿಯ ಹಾಗೆ ತಿಳಿಹಸಿರಾದ ಒಂದು ರೇಷ್ಮೆ ಸೀರೆ ಉಡಿಸಿದ್ದರು. ಹಿಂದೆ ನೀರಿನ ಟಾಂಕಿ ಕಾಣದಿರಲೆಂದು ಅಮ್ಮ ಬಟ್ಟೆ ಒಣಗಿಸುವ ಹಗ್ಗಕ್ಕೆ ಅಣ್ಣನ ಒಗೆದ ಪಂಚೆಯನ್ನು ಹರವಿ ಕಟ್ಟಿದಳು. ಅದರ ಹಿಂದೆ ಅವಳದೇ ಒಂದು ಲೆಕ್ಕಾಚಾರವಿತ್ತು: ಬೆನ್ನ ಹಿಂದೆ ಬಿಳುಪಿದ್ದರೆ ಮುಖಕ್ಕೂ ಆ ಬಿಳುಪು ಹತ್ತುತ್ತದೆ. ಕೇಳಿದ ನಮಗೂ ಸರಿ ಎನ್ನಿಸಿತು. ಎಂ.ಎ. ಮಾಡಿದ ನನಗೂ.

"ನಗು ಅಕ್ಕ. ಹಲ್ಲು ಬೇಡ. ಸ್ವಲ್ಪ ಹಲ್ಲು."

ವಿಮಾನ ಬಂತು. ಎಲ್ಲರೂ ತಲೆಯೆತ್ತಿದೆವು. ಮುರಳಿ ತಾನೂ ತಲೆಯೆತ್ತುತ್ತ ಗುಂಡಿ ಒತ್ತಿಬಿಟ್ಟ. ಅಷ್ಟರಲ್ಲಿ ಟವಲು ಸುತ್ತಿಕೊಂಡ ಅಣ್ಣ ಮೆಟ್ಟಿಲ ತುದಿಯಲ್ಲಿ ಕಾಣಿಸಿಕೊಂಡು, "ನನ್ನ ಪಂಚೆಗೆ ಇನ್ನೂ ಎಷ್ಟು ಫೋಟೋ ಇದೆ?" ಎಂದು ವಿಚಾರಿಸಿದರು.

ಈಗಿನವರಿಗೆ ಒಂದು ವಿಷಯ ಅರ್ಥವಾಗುವುದಿಲ್ಲ. ಆಗ ರೀಲು ಪೂರ್ತಿ ಮುಗಿಯದೆ ತೊಳೆಸುವ ಹಾಗಿರಲಿಲ್ಲ. ಅರ್ಧ ರೀಲಿನಲ್ಲಿ ನಾನಿದ್ದೆ, ಇನ್ನರ್ಧ ಖಾಲಿ. ಅದನ್ನು ಮುಗಿಸಲೆಂದು ಮುರಳಿ ತುಳಸಿ ಕುಂಡವನ್ನು ತೆಗೆದ, ಪಕ್ಕದ ಮನೆಯ ಮರಾಠಿ ಕಾಕೂ ಅವರ ಬೆಕ್ಕನ್ನು ತೆಗೆದ, ಸೀಟಿ ಹೊಡೆಯುತ್ತಿರುವ ಕುಕ್ಕರನ್ನು ತೆಗೆದ. ಸೀಟಿ ಫೋಟೋದಲ್ಲಿ ಬರುವುದಿಲ್ಲ ಎಂದು ಅಮ್ಮ ಹೇಳಿದರೂ ಕೇಳಲಿಲ್ಲ. ನನ್ನ ಮುಂದಿನ ಬಾಳು ಆ ಕಪ್ಪು ಡಬ್ಬಿಯ ಹೊಟ್ಟೆಯಲ್ಲಿ ಕುಕ್ಕರಿನ ಸರದಿ ಮುಗಿಯಲೆಂದು ಕಾಯುತ್ತಿತ್ತು. ಲೈಬ್ರರಿಯಲ್ಲಿ ಕೂತು ಪುಸ್ತಕಗಳಿಗೆ ನಂಬರು ಬರೆಯುವಾಗಲೂ ನನಗೆ ಅದೇ ಯೋಚನೆ. ಕತ್ತಲಲ್ಲಿ ನಾನು ಹೇಗಿದ್ದೇನೋ.

ಲ್ಯಾಬು ದಾದರ್ ಸ್ಟೇಷನ್ನಿಗೆ ಹತ್ತಿರವಿತ್ತು. ನಡೆಸುತ್ತಿದ್ದವರು ಮಂಗಳೂರಿನ ಕಡೆಯ ಪ್ರಭು ಎಂಬವರು. ದೊಡ್ಡ ಮಾತುಗಾರ. ತಮ್ಮ ಹೊಸ ಪ್ರಿಂಟಿಂಗ್ ಮಶಿನ್ನಿನ ಬಗ್ಗೆ ಮನೆಗೆ ಬಂದ ಹೊಸ ಅಳಿಯನ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದರು. ಅಮ್ಮನೂ ನಾನೂ ಹೋಗಿ ಲಕೋಟೆ ತೆರೆದೆವು.

ಪಂಚೆ ಅದ್ಭುತವಾಗಿ ಬಂದಿತ್ತು. ಅದರ ಅಂಚು, ಮಡಿಕೆ, ಒಂದೊಂದು ನೂಲೂ ಕಾಣುತ್ತಿತ್ತು. ಅದರ ಮುಂದೆ ನಾನು ಬಾಗಿಲಿಗೆ ಅಡ್ಡ ನಿಂತ ನೆರಳಿನ ಹಾಗಿದ್ದೆ.

"ಇದೇನ್ರೀ ಪ್ರಭುಗಳೇ! ಇರೋದಕ್ಕಿಂತ ಕಪ್ಪು ಮಾಡಿಬಿಟ್ಟಿದೀರಲ್ಲ!"

"ನಾನು ಎಂತ ಮಾಡ್ಲಿಲ್ಲಮ್ಮ, ಮಶಿನ್ ಮಾಡಿದ್ದು. ನಿಮ್ಮ ಮಗಳು ಯಾರು, ಪಂಚೆ ಯಾವುದು ಅಂತ ಅದಕ್ಕೆ ಗೊತ್ತುಂಟಾ? ಎಲ್ಲ ಒಟ್ಟಿಗೆ ನೋಡ್ತದೆ. ಓ, ಬಿಳಿ ಜಾಸ್ತಿ ಆಯ್ತು ಅಂತ ಎಲ್ಲವನ್ನೂ ಸೇರಿಸಿ ಕಪ್ಪು ಮಾಡ್ತದೆ. ಭಾರೀ ಬುದ್ಧಿವಂತ ಮಶಿನ್."

ಅಮ್ಮ ಫೋಟೋದ ಪಂಚೆಯ ಮೇಲೆ ಬೆರಳಿಟ್ಟಳು. "ಹಾಗಾದ್ರೆ ಹಿಂದೆ ಕಪ್ಪಗಿದ್ರೆ?"

"ಆಗ ಕತ್ತಲೆ ಜಾಸ್ತಿ ಆಯ್ತು ಅಂತ ಬಿಳಿ ಮಾಡ್ತದೆ."

ನಾವು ಸ್ಟೇಷನ್ನಿನ ಸೇತುವೆ ಹತ್ತುವಷ್ಟರಲ್ಲಿ ಅಮ್ಮ ನಮ್ಮ ಮನೆಯ ಹಾಸಿಗೆ, ಹೊದಿಕೆ, ಪರದೆಗಳನ್ನೆಲ್ಲ ಮನಸ್ಸಿನಲ್ಲೇ ಬಿಡಿಸಿ ನೋಡಿ, ಕಡುನೀಲಿ ಜಮಖಾನೆಯನ್ನು ಆರಿಸಿಯಾಗಿತ್ತು.

ಮುಂದಿನ ಭಾನುವಾರ ಅದೇ ಟೆರೇಸು, ಅದೇ ಸೀರೆ, ಹಿಂದೆ ಜಮಖಾನೆ. ಈ ಸಲ ಅಣ್ಣ ಪಂಚೆ ಉಟ್ಟುಕೊಂಡು ಬಂದು ನಿಂತು ನೋಡಿದರು. ಪ್ರಭುಗಳ ಮಶಿನ್ನು ಮಾತು ಉಳಿಸಿಕೊಂಡಿತು. ಮೊದಲ ಪ್ರಿಂಟಿನಲ್ಲೇ ನಾನು ಎಷ್ಟೋ ಮೆಟ್ಟಿಲು ಹತ್ತಿಬಿಟ್ಟಿದ್ದೆ. ಆದರೆ ಅಮ್ಮನಿಗೆ ತೃಪ್ತಿಯಾಗಲಿಲ್ಲ.

"ಇದು ಡಿಕಾಕ್ಷನ್ ಜಾಸ್ತಿಯಾದ ಕಾಫಿ ಥರ ಇದೆ. ಇನ್ನೊಂಚೂರು ಹಾಲು ಹಾಕಿ" ಎಂದಳು.

ಪ್ರಭುಗಳಿಗೆ ಈ ಮಾತು ಬಹಳ ಹಿಡಿಸಿತು. "ಹಾಲು ಹಾಕುವ! ಸಕ್ಕರೆ ಬೇಕಾ ಅಮ್ಮ?" ಎಂದು ನಕ್ಕರು. ಆಮೇಲೆ ಫೋಟೋವನ್ನು ಬೆಳಕಿಗೆ ಹಿಡಿದು, "ಗಲ್ಲದ ಹತ್ರ ಸ್ವಲ್ಪ ಹಸುರು ಹೊಡಿತದೆ ನೋಡಿ. ಸೀರೆಯದ್ದು ಮುಖಕ್ಕೆ ಬಿದ್ದಿದೆ. ಅದನ್ನೂ ತೆಗಿಯುವ" ಎಂದರು.

ಒಳಗೆ ಹೋಗಿ ಬಂದು ಎರಡನೆಯ ಪ್ರಿಂಟು ಕೊಟ್ಟರು. ಅಮ್ಮ ತಲೆಯಾಡಿಸಿದಳು. ಮೂರನೆಯದು ಕೊಟ್ಟರು. ಅವರಿಬ್ಬರ ನಡುವೆ ನಾನು ನಿಂತಿದ್ದೆ. ಪ್ರಭುಗಳು ಫೋಟೋ ನೋಡುತ್ತಿದ್ದರು, ಅಮ್ಮ ಫೋಟೋ ನೋಡುತ್ತಿದ್ದಳು. ಸರಿಬಂದಿದೆಯೇ ಎಂದು ಹೋಲಿಸಿ ನೋಡಲು ನಾನು ಪಕ್ಕದಲ್ಲೇ ಇದ್ದೆ, ಆದರೆ ಆ ಅಂಗಡಿಯಲ್ಲಿ ನನ್ನ ಕಡೆ ನೋಡುವ ಅಗತ್ಯ ಯಾರಿಗೂ ಬೀಳಲಿಲ್ಲ.

ನಾನು ಆಗ ಬೇಡ ಎಂದೆನೇ? ಎಂದೆ ಎಂದು ಹೇಳಿಕೊಳ್ಳಲು ಇಷ್ಟ. ಆದರೆ ನನಗೆ ಗೊತ್ತಿರುವ ನನ್ನನ್ನು ಯೋಚಿಸಿದರೆ, ಸುಮ್ಮನೆ ಇಣುಕಿ ನೋಡಿರಬೇಕು. ಮೂರನೆಯ ಪ್ರಿಂಟಿನ ಹುಡುಗಿ ಚೆನ್ನಾಗಿದ್ದಳು. ಕೆನ್ನೆಯಲ್ಲಿ ಗುಲಾಬಿಯ ಛಾಯೆಯಿತ್ತು. ಅವಳನ್ನು ನೋಡುವಾಗ ನನಗೆ ಅಸೂಯೆಯಾಗಲಿಲ್ಲ, ಅದೇ ವಿಚಿತ್ರ. ಪರಿಚಯದವರ ಮನೆಯ ಹುಡುಗಿ ಚೆನ್ನಾಗಿದ್ದರೆ ಆಗುವಷ್ಟೇ ಸಂತೋಷವಾಯಿತು. ಪಕ್ಕದ ಮನೆಯ ಕಾಕೂ ಆ ಫೋಟೋ ನೋಡಿ ಮರಾಠಿಯಲ್ಲಿ, "ಎಷ್ಟು ಬೆಳ್ಳಗಿದ್ದಾಳೆ! ಯಾರ ಮನೆಯವಳು?" ಎಂದು ಕೇಳಿದರು. ಅಮ್ಮ "ನಮ್ಮವಳೇ" ಎಂದಳು, ಹೆಚ್ಚು ವಿವರಿಸಲಿಲ್ಲ.

ಆ ಫೋಟೋ ಬೆಂಗಳೂರಿಗೆ ಹೋಯಿತು. ವಾಪಸು ಬರಲಿಲ್ಲ.

ಬದಲಿಗೆ ಹುಡುಗನ ಫೋಟೋ ಬಂತು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಸ್ಟುಡಿಯೋದಲ್ಲಿ ಓರೆಯಾಗಿ ಕೂತು ತೆಗೆಸಿದ ಫೋಟೋ, ಹಣೆಯ ಮೇಲೆ ಗುಂಗುರು ಕೂದಲು, ದೂರದಲ್ಲೇನೋ ಕಂಡವರ ಹಾಗೆ ನೋಟ. ಮುಖದಲ್ಲಿ ಒಂದು ಗೆರೆಯಿಲ್ಲ. ಅಮ್ಮ ಅದನ್ನು ದೇವರ ಮುಂದೆ ಇಟ್ಟಳು. ನಾನು ಆ ದಿನದ ದಿನಚರಿಯಲ್ಲಿ ಏನು ಬರೆದೆ ಎಂದು ನೋಡಿದ್ದೇನೆ. "ಸೆಖೆ" ಎಂದಿದೆ.

ಗಾಬರಿ ಶುರುವಾದದ್ದು ಅಲ್ಲಿಂದ. ಅಲ್ಲಿಯವರೆಗೆ ಫೋಟೋವನ್ನು ತಿದ್ದುತ್ತಿದ್ದವರು ಈಗ ನನ್ನನ್ನು ತಿದ್ದತೊಡಗಿದರು. ಫೋಟೋ ಮುಂದೆ ಹೋಗಿಬಿಟ್ಟಿತ್ತು, ನಾನು ಓಡಿ ಅದನ್ನು ಸೇರಿಕೊಳ್ಳಬೇಕಾಗಿತ್ತು. ಬೆಳಿಗ್ಗೆ ಕಡಲೆಹಿಟ್ಟು ಮೊಸರು, ಸಂಜೆ ಹಾಲಿನ ಕೆನೆ. ಅಮ್ಮ ಕಿತ್ತಳೆ ಸಿಪ್ಪೆಯನ್ನು ಒಣಗಿಸಿ ಕುಟ್ಟಿ ಡಬ್ಬಿ ತುಂಬಿಸಿದಳು. ಪ್ಲಾಟ್‌ಫಾರಮ್ಮಿನ ಛಾವಣಿಯ ಕೆಳಗೂ ಕೊಡೆ ಬಿಚ್ಚಿಕೊಂಡಿರಬೇಕೆಂದು ಆಜ್ಞೆಯಾಯಿತು. ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಸೀಟು ಸಿಕ್ಕರೆ ಬಿಟ್ಟುಕೊಡಬೇಕು. ಲೋಕಲ್ಲಿನಲ್ಲಿ ಕಿಟಕಿ ಬಿಟ್ಟುಕೊಡುವ ಹೆಂಗಸನ್ನು ಯಾರೂ ನೋಡಿರಲಿಲ್ಲ. ನನಗೇನೋ ವ್ರತವಿರಬೇಕೆಂದು ಜೊತೆಯವರು ತಿಳಿದರು. ಮನೆಗೆ ಬಂದ ತಕ್ಷಣ ಅಮ್ಮ ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ತನ್ನ ಹತ್ತಿರ ಉಳಿದಿದ್ದ ಪ್ರತಿಯನ್ನು ಕೆನ್ನೆಯ ಪಕ್ಕ ಹಿಡಿದು ನೋಡುತ್ತಿದ್ದಳು. ಈಗ ಹೋಲಿಕೆ ಶುರುವಾಗಿತ್ತು. ನೋಡಿ, ಹಾಗೇ ಅಡುಗೆಮನೆಗೆ ಹೋಗುತ್ತಿದ್ದಳು. ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಒಂದು ದಿನ ಕಾಕೂ ಅವರ ಮನೆಯ ಫೋನಿಗೆ ಬೆಂಗಳೂರಿನಿಂದ ಟ್ರಂಕ್ ಕಾಲ್ ಬಂತು. ಸೋದರತ್ತೆ ಫೋನಿಲ್ಲದಿದ್ದರೂ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದರು.

"ಹುಡುಗ ಆಫೀಸಿನ ಕೆಲಸದ ಮೇಲೆ ಮುಂಬಯಿಗೆ ಬರ್ತಿದಾನೆ! ಮನೆಗೆ ಬಂದು ಉಪ್ಪಿಟ್ಟು ಕೇಸರಿಬಾತು ತಿಂದು ಹೆಣ್ಣು ನೋಡೋದು ಅವನಿಗೆ ಇಷ್ಟ ಇಲ್ಲವಂತೆ! ಹೊರಗೆ ಎಲ್ಲಾದ್ರೂ ಕಾಫಿ ಕುಡಿದು ಮಾತಾಡ್ಲಿ! ಮುರಳಿ ಜೊತೆಗಿರ್ಲಿ! ಮತ್ತೆ ಫೋಟೋದಲ್ಲಿ ಉಟ್ಟಿದಾಳಲ್ಲ, ಅದೇ ಸೀರೆ ಉಟ್ಕೊಂಡು ಬರ್ಲಿ, ಗುರುತು ಸಿಗುತ್ತೆ ಅಂತ ಹುಡುಗನೇ ಹೇಳಿದಾನೆ!"

ಮಾಟುಂಗದ ಒಂದು ಉಡುಪಿ ಹೋಟೆಲು, ಶನಿವಾರ ಸಂಜೆ ಎಂದು ನಿಶ್ಚಯವಾಯಿತು. ಅಮ್ಮ ಸೂಚನೆಗಳನ್ನು ಕೊಟ್ಟಳು: ಗೋಡೆಯ ಕಡೆ ಕೂತುಕೋ, ದೀಪದ ಕೆಳಗೆ ಬೇಡ, ಕಾಫಿ ಕುಡಿಯುವಾಗ ಮುಖ ಬಗ್ಗಿಸಿಕೋ. ಶನಿವಾರ ಬೆಳಿಗ್ಗೆ ಅಣ್ಣ ಬಾಲ್ಕನಿಯಲ್ಲಿ ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ನಾನು ಕಾಫಿ ಕೊಡಲು ಹೋದೆ.

"ವಿಜಿ, ಆ ಫೋಟೋ ಸ್ವಲ್ಪ ಜಾಸ್ತಿ ಆಯ್ತಲ್ವೇನೇ?"

"ಆಯ್ತು ಅಣ್ಣ."

"ನೋಡಿದ ತಕ್ಷಣ ಅವನಿಗೆ ಗೊತ್ತಾಗುತ್ತೆ."

"ಗೊತ್ತಾಗುತ್ತೆ."

"ಆಮೇಲೆ ಏನಂತಾನೆ ಅಂತ ನಿಮ್ಮಮ್ಮನ್ನ ಕೇಳ್ದೆ. ಮೊದಲು ಬರ್ಲಿ ಅಂದಳು." ಅಣ್ಣ ಆಗಲೇ ಹೊಳೆಯುತ್ತಿದ್ದ ಬೂಟನ್ನು ಮತ್ತೆ ಉಜ್ಜಿದರು. "ನೀನು ಹೋಗದೇ ಇದ್ರೂ ಪರವಾಗಿಲ್ಲ ಕಣೇ."

ಅಣ್ಣ ಹಾಗೆ ಹೇಳದೇ ಇದ್ದಿದ್ದರೆ ಹೋಗುತ್ತಿರಲಿಲ್ಲವೇನೋ. ಬೇಡ ಎನ್ನಲು ದಾರಿ ಬಿಟ್ಟುಕೊಟ್ಟ ಮೇಲೆ ಬೇಡ ಎನ್ನುವುದು ಕಷ್ಟ.

ಮಳೆ ಬರುತ್ತಿತ್ತು, ಗಾಡಿ ತಡವಾಗಿತ್ತು. ಇಷ್ಟಕ್ಕೆ ದಿನಚರಿಯ ಸಾಕ್ಷಿಯಿದೆ. ಹೋಟೆಲು ತುಂಬಿತ್ತು. ಗೋಡೆಯ ಕಡೆಯ ಜಾಗಗಳೆಲ್ಲ ಹೋಗಿ, ನಡುವಿನಲ್ಲಿ ಒಂದು ಮೇಜು ಖಾಲಿಯಾಯಿತು, ನೇರವಾಗಿ ಟ್ಯೂಬ್‌ಲೈಟಿನ ಕೆಳಗೆ. ಮುರಳಿ, "ಅಕ್ಕ, ನೀನು ಕೂತಿರು, ಟೆನ್ಷನ್ ತಗೋಬೇಡ. ನಾನು ಬಾಗಿಲ ಹತ್ರ ನಿಂತಿರ್ತೀನಿ. ಗುಂಗುರು ಕೂದಲಿನವರು ಕಂಡ ತಕ್ಷಣ ಹಿಡ್ಕೊಂಡು ಬರ್ತೀನಿ" ಎಂದು ಹೊರಗೆ ಹೋದ.

ಆ ಹೋಟೆಲುಗಳಲ್ಲಿ ಒಬ್ಬರೇ ಒಂದು ಮೇಜು ಹಿಡಿದು ಕೂರುವ ಪದ್ಧತಿಯಿಲ್ಲ. ಜಾಗವಿದ್ದರೆ ಯಾರಾದರೂ ಬಂದು ಎದುರಿಗೆ ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಒಬ್ಬರು ಬಂದರು. ದಪ್ಪ ಗಾಜಿನ ಕನ್ನಡಕ, ಹಿಂದೆ ಸರಿದ ಕೂದಲು, ಮಳೆಗೆ ತೊಯ್ದು ಭುಜಕ್ಕೆ ಅಂಟಿದ ಷರಟು.

"ಇದರ್ ಕೋಯಿ ಬೈಠಾ?" ಎಂದು ಕೇಳಿದರು.

"ಬೈಠಿಯೇ" ಎಂದೆ.

ಸಪ್ಲೈಯರ್ ಬಂದ, ನಡುವಯಸ್ಸಿನ ಮನುಷ್ಯ. "ಎಂತ ಕೊಡ್ಲಿ ಸಾರ್?"

"ಸದ್ಯಕ್ಕೆ ನೀರು ಕೊಡಪ್ಪ. ಇನ್ನೊಬ್ಬರು ಬರೋರಿದಾರೆ."

"ನಿಮಗೆ?"

"ನನಗೂ... ಇನ್ನೊಬ್ಬರು ಬರೋರಿದಾರೆ."

"ಇಲ್ಲಿ ಎಲ್ಲ ಬರುವವರೇ. ತಿನ್ನುವವರು ಯಾರು?" ಎಂದು ಆತ ಎರಡು ಲೋಟ ನೀರು ಕುಕ್ಕಿ ಹೋದ.

ಎದುರಿಗಿದ್ದವರು ತಲೆಯೆತ್ತಿ ನನ್ನ ಕಡೆ ನೋಡಿದರು. ಮುಖ ನೋಡಲಿಲ್ಲ. ಅವರ ಕಣ್ಣು ನನ್ನ ಸೆರಗಿನ ಮೇಲೆ ಒಂದು ಗಳಿಗೆ ನಿಂತು, ಬೇಡವಾದ ಸಾಮಾನನ್ನು ಅಂಗಡಿಯಲ್ಲಿ ಕೆಳಗಿಡುವ ಹಾಗೆ ನನ್ನನ್ನು ಬಿಟ್ಟು, ಬಾಗಿಲ ಕಡೆ ಹೋಯಿತು. ಆಮೇಲೆ ಅವರು ಕನ್ನಡಕ ತೆಗೆದು ಹನಿಗಳನ್ನು ಒರೆಸತೊಡಗಿದರು.

ಕನ್ನಡಕವಿಲ್ಲದ ಆ ಮುಖ ನಮ್ಮ ದೇವರ ಮುಂದೆ ಇತ್ತು.

ಗುಂಗುರು ಕೂದಲು ಎಲ್ಲಿ ಹೋಯಿತು? ಅದು ಹಳೆಯ ಫೋಟೋ ಎಂದು ಆಮೇಲೆ ತಿಳಿಯಿತು. ಗೆರೆಗಳನ್ನು ಸ್ಟುಡಿಯೋದವರು ಕುಂಚದಿಂದ ಅಳಿಸಿದ್ದರಂತೆ. ಆದರೆ ಆಗ ನನಗೆ ಅದೆಲ್ಲ ಮುಖ್ಯವಾಗಲಿಲ್ಲ. ಮುಖ್ಯವಾದದ್ದು, ಅವರು ನನ್ನನ್ನು ನೋಡಿದ್ದಾರೆ, ನೋಡಿ, ಇವಳಲ್ಲ ಎಂದು ತೀರ್ಮಾನಿಸಿದ್ದಾರೆ. ಬಾಗಿಲಲ್ಲಿ ಬಿಳುಪಾದ ಸೀರೆಯ ಹೆಂಗಸರು ಕಾಣಿಸಿದಾಗಲೆಲ್ಲ ಅವರು ಕಾಲರು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದರು. ಆ ಹೆಂಗಸರು ಯಾವುದೋ ಕುಟುಂಬದ ಜೊತೆ ಹೋಗಿ ಕೂತಾಗ ಇವರು ಮತ್ತೆ ಕುಗ್ಗುತ್ತಿದ್ದರು. ಅವರು ಕಾಯುತ್ತಿರುವುದು ಯಾರಿಗೆಂದು ನನಗೆ ಗೊತ್ತಿತ್ತು. ಅವಳು ಬಂದರೆ ಚೆನ್ನಾಗಿರುತ್ತದೆ ಎಂದು ನನಗೂ ಅನ್ನಿಸಿತು.

ಎದ್ದು ಹೋಗಿಬಿಡಬಹುದಾಗಿತ್ತು. ಬಾಗಿಲ ಹತ್ತಿರ ಮುರಳಿಗೆ, ಅವರು ಬರಲಿಲ್ಲ ನಡಿ ಎಂದರೆ ಮುಗಿಯಿತು. ಅವನು ಇನ್ನೂ ಗುಂಗುರು ಕೂದಲನ್ನೇ ಹುಡುಕುತ್ತಿದ್ದ. ಮನೆಯಲ್ಲಿ ಅಮ್ಮ ಹುಡುಗನನ್ನು ಬೈಯುತ್ತಾಳೆ. ಬೆಂಗಳೂರಿನಲ್ಲಿ ಇವರು ಹುಡುಗಿಯನ್ನು ಬೈಯುತ್ತಾರೆ. ಫೋಟೋದ ಹುಡುಗಿಗೆ ಒಂದು ಗೆರೆಯೂ ಬೀಳುವುದಿಲ್ಲ. ನಾನು ಚೀಲವನ್ನು ತೊಡೆಯ ಮೇಲೆ ತೆಗೆದುಕೊಂಡೆ. ಕಾಲು ಚಪ್ಪಲಿಯನ್ನು ಹುಡುಕಿಕೊಂಡಿತು.

"ರೀ, ಒಂದು ನಿಮಿಷ."

ಅವರು ಷರಟಿನ ಜೇಬಿನಿಂದ ಒಂದು ಲಕೋಟೆ ತೆಗೆದರು. "ಕನ್ನಡದವರು ಅಂತ ಕೇಳ್ತಿದೀನಿ, ತಪ್ಪು ತಿಳ್ಕೋಬೇಡಿ. ನೀವು ನನಗಿಂತ ಮುಂಚೆಯಿಂದ ಕೂತಿದೀರಲ್ಲ. ಇವರು ಬಂದು ಕಾದು ಹೋಗಿಬಿಟ್ರಾ?"

ಮೇಜಿನ ಮೇಲೆ, ನೀರಿನ ಲೋಟಗಳ ನಡುವೆ, ನನ್ನ ಫೋಟೋ ಇಟ್ಟರು.

ನಾನು ಆ ಫೋಟೋವನ್ನು ಎಷ್ಟೋ ಸಲ ನೋಡಿದ್ದೆ. ನಮ್ಮ ಮನೆಯವರೆಲ್ಲ ನೋಡಿದ್ದರು. ಆದರೆ ಅಷ್ಟು ದಿನವೂ ನಾವೆಲ್ಲ ಮುಖವನ್ನೇ ನೋಡಿದ್ದೆವು. ಸೀರೆಯನ್ನು ನೋಡಿದ್ದು ಅದೇ ಮೊದಲು. ಪ್ರಭುಗಳು ಗಲ್ಲದ ಹಸಿರನ್ನು ತೆಗೆಯುವಾಗ ಸೀರೆಯದನ್ನೂ ತೆಗೆದುಬಿಟ್ಟಿದ್ದರು. ಮೇಲಿಂದ ಹಾಲು ಬೇರೆ ಬಿದ್ದಿತ್ತು. ಫೋಟೋದಲ್ಲಿದ್ದ ಹುಡುಗಿ ಅಚ್ಚ ಕೆನೆಬಣ್ಣದ ಸೀರೆ ಉಟ್ಟಿದ್ದಳು.

"ಇಲ್ಲ" ಎಂದೆ. "ಇವರು ಬರಲಿಲ್ಲ. ಬರೋದೂ ಇಲ್ಲ. ನಾನು ಬಂದಿದೀನಿ."

ಹೀಗೆ ಹೇಳಿದೆ ಎಂದು ನನ್ನ ನೆನಪು. ಆದರೆ ಈ ಮಾತು ತೀರಾ ಚೆನ್ನಾಗಿದೆ, ಅದಕ್ಕೇ ನನಗೆ ಇದರ ಮೇಲೆ ಅನುಮಾನ. ಇವರನ್ನು, ಅಂದರೆ ಆ ಕನ್ನಡಕದವರನ್ನೇ, ಈಗ ಕೇಳಿದರೆ, ನಾನು ಮೊದಲು ಅತ್ತೆನೆಂದೂ, ಆಮೇಲೆ ಹಿಂದಿಯಲ್ಲಿ ಏನೋ ಹೇಳಿದೆನೆಂದೂ ಅನ್ನುತ್ತಾರೆ. ಮುರಳಿಯ ಪ್ರಕಾರ ಎಲ್ಲವನ್ನೂ ಬಿಡಿಸಿ ಹೇಳಿದವನು ಅವನೇ. ಅವನು ಆಗ ಇನ್ನೂ ಬಾಗಿಲಲ್ಲಿ ನಿಂತು ಯಾರೋ ಗುಂಗುರು ಕೂದಲಿನವನ ಹೆಸರು ವಿಚಾರಿಸುತ್ತಿದ್ದ.

ಅದರ ಮುಂದಿನದರಲ್ಲಿ ಮಾತ್ರ ನನಗೂ ಇವರಿಗೂ ಭಿನ್ನಾಭಿಪ್ರಾಯವಿಲ್ಲ.

ಅವರು ಫೋಟೋ ನೋಡಿದರು, ನನ್ನ ಸೆರಗು ನೋಡಿದರು. "ಇದು ಹಸಿರು" ಎಂದರು.

"ಫೋಟೋ ತೆಗೆದಾಗಲೂ ಹಸಿರೇ ಇತ್ತು."

"ನಾನು ಆಗಿನಿಂದ ಕೆನೆಬಣ್ಣದ ಸೀರೆ ಬರುತ್ತೆ ಅಂತ ಬಾಗಿಲು ಕಾಯ್ತಾ ಇದೀನಲ್ರೀ! ನೀವು ಬಂದು ಕೂತಿದೀರ, ಹಸಿರು ಅಂತ ಬಿಟ್ಬಿಟ್ಟೆ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ತಲೆಯೊಳಗೆ ಒಂದೇ ಪ್ರಶ್ನೆಯಿತ್ತು, ಅದನ್ನು ಈಗ ಕೇಳದಿದ್ದರೆ ಮುಂದೆ ಎಂದೂ ಕೇಳಲಾರೆ ಎನ್ನಿಸಿತು.

"ಸೀರೆ ಸರಿ. ಮುಖ?"

"ಮುಖ ಇನ್ನೂ ನೋಡಿಲ್ಲ" ಎಂದರು ಅವರು. "ಬಾಗಿಲು ನೋಡ್ತಾ ಇದ್ನಲ್ಲ."

ಫೋಟೋವನ್ನು ಲಕೋಟೆಗೆ ಹಾಕಿದರು. ಕನ್ನಡಕ ಸರಿಮಾಡಿಕೊಂಡರು. ಆಮೇಲೆ ನೋಡಿದರು. ಪ್ರಭುಗಳು, ಅಮ್ಮ, ಕಾಕೂ, ಬೆಂಗಳೂರಿನ ಅತ್ತೆ, ಹೆಸರು ಗೊತ್ತಿಲ್ಲದ ಎಷ್ಟೋ ಮನೆಗಳ ಹಿರಿಯರು ನನ್ನನ್ನು ನೋಡಿದ್ದರು, ಆದರೆ ಆಗೆಲ್ಲ ನಾನು ಕಾಗದದ ಮೇಲಿದ್ದೆ. ಈಗ ತಲೆಯ ಮೇಲೆ ಟ್ಯೂಬ್‌ಲೈಟು ಸಣ್ಣಗೆ ಗುಂಯ್‌ಗುಡುತ್ತಿತ್ತು. ಅದರ ಬೆಳಕು ನನ್ನ ಹಣೆಯ ಮೇಲೆ, ಮೂಗಿನ ಪಕ್ಕ, ಗಲ್ಲದ ಮೇಲೆ ಎಲ್ಲೆಲ್ಲಿ ಹೇಗೆ ಬಿದ್ದಿದೆ ಎಂದು ನನಗೆ ಪ್ರತ್ಯೇಕವಾಗಿ ತಿಳಿಯುತ್ತಿತ್ತು. ಕೈ ತಾನಾಗಿಯೇ ಕುರ್ಚಿಯ ಅಂಚು ಹಿಡಿಯಿತು. ಒಂದು ಗೇಣು ಸರಿದರೆ ಸಾಕು, ಪಕ್ಕದ ಕಂಬದ ನೆರಳು ಸಿಗುತ್ತಿತ್ತು.

ಸಪ್ಲೈಯರ್ ಮತ್ತೆ ಬಂದು ನಿಂತ. "ನಿಮ್ಮವರು ಬಂದ್ರಾ ಸಾರ್, ಇನ್ನೂ ಕಾಯ್ಲಿಕ್ಕುಂಟಾ?"

ಅವರು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಬಂದ್ರು" ಎಂದರು.

ನಾನು ಕುರ್ಚಿಯ ಅಂಚು ಬಿಟ್ಟು ಎರಡೂ ಕೈಗಳನ್ನು ಮೇಜಿನ ಮೇಲೆ, ಬೆಳಕಿನಲ್ಲಿ ಇಟ್ಟೆ.